ಬಿರುಕಿನ ದಿನಚರಿ

ಹಳೆಯ ಗುಮ್ಮಟ, ಗೋಪುರಗಳು ಇನ್ನೆಷ್ಟು ಕಾಲ ನಿಲ್ಲುತ್ತವೆ? ಪಾವಿಯಾ, ಫ್ಲಾರೆನ್ಸ್, ಪೀಸಾ, ಪ್ಯಾರಿಸ್‌ಗಳಲ್ಲಿ ಬರೆದಿಟ್ಟ ಲೆಕ್ಕ. ಮೈಸೂರು, ಹಂಪಿಗೆ ಬೇಕಾದ ಲೆಕ್ಕ

1989ರ ಮಾರ್ಚ್ 17ರ ಬೆಳಿಗ್ಗೆ, ಒಂಬತ್ತಕ್ಕೆ ಇನ್ನೈದು ನಿಮಿಷ ಇರುವಾಗ, ಉತ್ತರ ಇಟಲಿಯ ಪಾವಿಯಾದಲ್ಲಿ ಕ್ಯಾಥೆಡ್ರಲ್ ಪಕ್ಕದ ಹಳೆಯ ನಗರಗೋಪುರ ಕುಸಿದುಬಿತ್ತು. ನಾಲ್ವರು ಸತ್ತರು. ಆ ದಿನ ಭೂಕಂಪವಾಗಿರಲಿಲ್ಲ. 11ನೇ ಶತಮಾನದಲ್ಲಿ ಕಟ್ಟಲು ತೊಡಗಿದ ಗೋಪುರ ಅದು. ಇಷ್ಟು ಕಾಲ ನಿಂತದ್ದು ಇನ್ನು ಬೀಳಲಾರದು ಎಂದೇ ಊರು ನಂಬಿತ್ತು.

ಮಿಲಾನ್ ಪಾಲಿಟೆಕ್ನಿಕ್‌ನ ಲುಯಿಜಾ ಬಿಂಡಾ ಮತ್ತು ಸಂಗಡಿಗರು ಕುಸಿದ ರಾಶಿಯಿಂದ ಗೋಡೆಯ ದೊಡ್ಡ ತುಂಡುಗಳನ್ನು ಆಯ್ದು ಪ್ರಯೋಗಾಲಯಕ್ಕೆ ಒಯ್ದರು. ಹೊರಮೈಗೂ ಒಳಮೈಗೂ ತೆಳುವಾದ ಇಟ್ಟಿಗೆ, ನಡುವೆ ಕಲ್ಲುಚೂರು ಮತ್ತು ಸುಣ್ಣದ ಗಾರೆಯ ದಪ್ಪ ತುಂಬು. 16ನೇ ಶತಮಾನದ ಕೊನೆಗೆ ಇದರ ನೆತ್ತಿಯ ಮೇಲೆ ಗ್ರಾನೈಟಿನ ಭಾರಿ ಗಂಟೆಮನೆಯನ್ನೂ ಏರಿಸಿದ್ದರು. ಪರೀಕ್ಷೆಗಳಿಂದ ತಿಳಿದದ್ದು ಇಷ್ಟು: ತನ್ನ ತಾಕತ್ತಿನ ಅರ್ಧದಷ್ಟು ಭಾರವನ್ನೇ ಹೊತ್ತಿದ್ದರೂ, ಶತಮಾನಗಟ್ಟಲೆ ಹೊತ್ತೇ ಇದ್ದರೆ ಇಂಥ ಗೋಡೆ ಒಳಗೊಳಗೇ ಸೋಲುತ್ತ ಬರುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಹೊರಗೆ ಕಾಣುವ ಗುರುತು ಕೂದಲೆಳೆಯಂಥ ನೆಟ್ಟನೆಯ ಬಿರುಕುಗಳಷ್ಟೇ. ಅವು ವರ್ಷಕ್ಕೆ ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲು ಬೆಳೆಯುತ್ತವೆ. ಬರಿಗಣ್ಣಿಗೆ ಅದು ತಿಳಿಯುವುದಿಲ್ಲ.

ಹತ್ತಿರದ ಮೊಂಜಾದ ಕ್ಯಾಥೆಡ್ರಲಿನ ಗಂಟೆಗೋಪುರದಲ್ಲೂ ಅಂಥವೇ ಬಿರುಕುಗಳಿದ್ದವು. ಅವನ್ನು 1978ರಿಂದ ಅಳೆದು ಬರೆದಿಡುತ್ತ ಬಂದಿದ್ದರು. ಬೆಳವಣಿಗೆ ನಿಲ್ಲುತ್ತಿಲ್ಲವೆಂದು ಆ ಅಂಕಿಗಳು ತೋರಿಸಿಕೊಟ್ಟವು. ಗೋಪುರಕ್ಕೆ ಬಲ ಕೊಡಲಾಯಿತು. ಪುರಾತನ ಕಟ್ಟಡವೊಂದು ಗಟ್ಟಿಯಾಗಿದೆಯೇ ಎಂಬ ಪ್ರಶ್ನೆಗೆ ಒಂದು ದಿನದ ತಪಾಸಣೆಯಲ್ಲಿ ಉತ್ತರ ಸಿಗುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಇವತ್ತಿನ ಬಿರುಕು ಮೂರು ಮಿಲಿಮೀಟರ್ ಎಂದರೆ ಅರ್ಥ ಅಲ್ಪ. ಹತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ಎಷ್ಟಿತ್ತು, ಯಾವ ತಿಂಗಳಲ್ಲಿ ಅಳೆದದ್ದು, ಯಾವ ಉಪಕರಣದಿಂದ? ಕಟ್ಟಡದ ಆಯಸ್ಸು ಈ ಪ್ರಶ್ನೆಗಳ ಮೇಲೆ ನಿಂತಿದೆ.

ಗುಮ್ಮಟದ ಉಸಿರು

ಜಗತ್ತಿನಲ್ಲಿ ಯಾವ ಬಿರುಕಿನ ದಿನಚರಿ ಬಹಳ ಉದ್ದ ಎಂದು ಕೇಳಿದರೆ ನಾನು ಫ್ಲಾರೆನ್ಸಿನತ್ತ ಕೈ ತೋರಿಸುತ್ತೇನೆ. ಸಾಂಟಾ ಮರಿಯಾ ದೆಲ್ ಫಿಯೋರೆ ಕ್ಯಾಥೆಡ್ರಲಿನ ಗುಮ್ಮಟವನ್ನು ಫಿಲಿಪ್ಪೋ ಬ್ರುನೆಲೆಸ್ಕಿ 1420ರಿಂದ 1436ರ ನಡುವೆ ಕಟ್ಟಿದ. ಎಂಟು ಮುಖ, ಒಳಗೊಂದು ಹೊರಗೊಂದು ಚಿಪ್ಪು, ಮೂಲೆಯಿಂದ ಮೂಲೆಗೆ ಸುಮಾರು 45 ಮೀಟರ್. ನಮ್ಮ ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್ ಎಂಬುದನ್ನು ನೆನೆದರೆ ಅಳತೆ ಅಂದಾಜಾಗುತ್ತದೆ. ಫ್ಲಾರೆನ್ಸ್ ಗುಮ್ಮಟದ ಎಂಟು ಮುಖಗಳಲ್ಲಿ ಒಂದು ಬಿಟ್ಟು ಒಂದರಂತೆ ನಾಲ್ಕರಲ್ಲಿ ದೊಡ್ಡ ಬಿರುಕುಗಳಿವೆ. ಗೋಡೆಯ ದಪ್ಪವನ್ನೆಲ್ಲ ಸೀಳಿಕೊಂಡು ಹೋದ ಬಿರುಕುಗಳವು. ಅಗಲವಾದ ಕಡೆ ಬೆರಳು ಸಲೀಸಾಗಿ ಹೋಗುತ್ತದೆ.

1639ರಲ್ಲೇ ಇವುಗಳ ಬಗ್ಗೆ ಬರಹದ ದಾಖಲೆ ಸಿಗುತ್ತದೆ. 1695ರಲ್ಲಿ ಗೆಲಿಲಿಯೋನ ಶಿಷ್ಯ ವಿನ್ಸೆಂಜೋ ವಿವಿಯಾನಿ ಇದ್ದ ಸಮಿತಿಯೊಂದು ಗುಮ್ಮಟಕ್ಕೆ ಕಬ್ಬಿಣದ ಸರಪಳಿ ಬಿಗಿಯಬೇಕೆಂದು ಹೇಳಿತು. ವಾದವಿವಾದ ಎದ್ದು ಸರಪಳಿ ಬರಲೇ ಇಲ್ಲ. ಆದರೆ ಸಮಿತಿ ಇನ್ನೊಂದು ಕೆಲಸ ಮಾಡಿಸಿತ್ತು: ಬಿರುಕಿಗೆ ಅಡ್ಡಲಾಗಿ ಅಮೃತಶಿಲೆಯ ಪಟ್ಟಿಗಳನ್ನು ಕೂರಿಸಿತು. ಬಿರುಕು ಅಲುಗಿದರೆ ಪಟ್ಟಿ ಒಡೆಯಬೇಕು. ನಮ್ಮ ಎಂಜಿನಿಯರುಗಳು ಇಂದಿಗೂ ಬಿರುಕಿನ ಮೇಲೆ ಗಾಜಿನ ತುಂಡು ಅಂಟಿಸಿ ಟೆಲ್‌ಟೇಲ್ ಎನ್ನುತ್ತಾರಲ್ಲ, ಅದರ ಪೂರ್ವಜ ಇದು.

1750ರ ದಶಕದಲ್ಲಿ ಲಿಯೊನಾರ್ಡೋ ಷಿಮೆನೆಸ್ ಎಂಬ ಜೆಸ್ಯೂಟ್ ಗಣಿತಜ್ಞ ಇದೇ ಗುಮ್ಮಟವನ್ನು ಬೇರೊಂದು ದಾರಿಯಿಂದ ಅಳೆಯಹೊರಟ. ಗುಮ್ಮಟದ ತುದಿಯ ದೀಪಗೋಪುರದಲ್ಲಿ, ನೆಲದಿಂದ ಸುಮಾರು 90 ಮೀಟರ್ ಎತ್ತರದಲ್ಲಿ, ಒಂದು ಕಂಚಿನ ಫಲಕವಿದೆ. ಅದರಲ್ಲೊಂದು ರಂಧ್ರ. ಪಾವೊಲೋ ತೊಸ್ಕನೆಲ್ಲಿ 1475ರ ಸುಮಾರಿಗೆ ಇಡಿಸಿದ್ದು. ಜೂನ್ ತಿಂಗಳ ಅತಿ ದೀರ್ಘ ಹಗಲಿನ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಆ ರಂಧ್ರದಿಂದ ಇಳಿದು ನೆಲದ ಮೇಲೆ ಬಿಲ್ಲೆಯಂತೆ ಬೀಳುತ್ತಾನೆ. ಅದು ಬೀಳುವ ಜಾಗಕ್ಕೆ 1510ರಲ್ಲಿ ಅಮೃತಶಿಲೆಯ ಗುರುತು ಹಾಕಿದ್ದರು. ಎರಡೂವರೆ ಶತಮಾನದ ನಂತರ ಬೆಳಕು ಗುರುತಿನಿಂದ ಜರುಗಿದ್ದರೆ ಜರುಗಿದ್ದು ಯಾವುದು? ಭೂಮಿಯ ಅಕ್ಷದ ಓರೆ ಕಾಲಕಾಲಕ್ಕೆ ತುಸು ಬದಲಾಗುತ್ತದೆ, ಗುಮ್ಮಟವೂ ವಾಲಿರಬಹುದು. ಒಂದೇ ಬೆಳಕಿನ ಬಿಲ್ಲೆಯಲ್ಲಿ ಎರಡು ಸುದ್ದಿ ಕಲಸಿಹೋಗಿವೆ. ಅವೆರಡನ್ನೂ ಬೇರ್ಪಡಿಸುವುದೇ ಷಿಮೆನೆಸ್‌ನ ಕೆಲಸವಾಯಿತು.

ಇನ್ನೂರೈವತ್ತು ವರ್ಷವಾದರೂ ಈ ಕ್ಷೇತ್ರದ ಮುಖ್ಯ ಕಷ್ಟ ಅದೇ ಆಗಿ ಉಳಿದಿದೆ. 1930ರ ದಶಕದ ಇನ್ನೊಂದು ಸಮಿತಿ ಫ್ಲಾರೆನ್ಸಿನ ಬಿರುಕುಗಳು ಋತುವಿನೊಂದಿಗೆ ಆಡುತ್ತವೆಂದು ಕಂಡುಕೊಂಡಿತು. ಬೇಸಿಗೆಯಲ್ಲಿ ಇಟ್ಟಿಗೆ ಹಿಗ್ಗಿ ದೊಡ್ಡ ಬಿರುಕುಗಳು ಕಿರಿದಾಗುತ್ತವೆ, ಚಳಿಗಾಲದಲ್ಲಿ ಬಾಯಿಬಿಡುತ್ತವೆ. ಆಗಸ್ಟಿನಲ್ಲಿ ಒಬ್ಬರು, ಫೆಬ್ರವರಿಯಲ್ಲಿ ಇನ್ನೊಬ್ಬರು ಬಂದು ಅಳೆದರೆ ಗುಮ್ಮಟ ಕೆಡುತ್ತಿದೆ ಎಂದು ಗಾಬರಿ ಹುಟ್ಟಿಸಬಹುದು. ಅಳೆದ ತಿಂಗಳು ತಿರುಗುಮುರುಗಾದರೆ ಗುಮ್ಮಟ ವಾಸಿಯಾಯಿತೆಂದು ಸಂಭ್ರಮಿಸಲೂಬಹುದು. ಎರಡೂ ಸುಳ್ಳು. 1955ರಲ್ಲಿ ಬಿರುಕುಗಳ ಮೇಲೆ ಕೈಯಿಂದ ಓದುವ ಮಾಪಕಗಳು ಬಂದವು. 1987ರಲ್ಲಿ ಸ್ವಯಂಚಾಲಿತ ವ್ಯವಸ್ಥೆ: ನೂರೈವತ್ತಕ್ಕೂ ಹೆಚ್ಚು ಉಪಕರಣಗಳು, ಆರು ಗಂಟೆಗೊಮ್ಮೆ ರೀಡಿಂಗ್. ಬಿರುಕಿನ ಅಗಲದ ಜೊತೆಗೆ ಗಾಳಿಯ ಉಷ್ಣತೆ ಮತ್ತು ಗೋಡೆಯ ಒಳಗಿನ ಉಷ್ಣತೆಯನ್ನೂ ಅವು ಬರೆಯುತ್ತವೆ. ದಪ್ಪ ಗೋಡೆಗೆ ಬಿಸಿಲು ತಟ್ಟುವುದು ತಡವಾಗಿ. ಹೀಗಾಗಿ ಹೊರಗಿನ ಉಷ್ಣತೆಯೊಂದನ್ನೇ ನೆಚ್ಚಿದರೆ ಲೆಕ್ಕ ಕೂಡಿಬರುವುದಿಲ್ಲ.

ಈ ಉಸಿರಾಟವನ್ನೆಲ್ಲ ಲೆಕ್ಕದಿಂದ ಕಳೆದ ಮೇಲೆ ಕೊನೆಗೆ ಉಳಿಯುವುದು ಚಿಕ್ಕದೊಂದು ಏರಿಕೆ: ಶತಮಾನಕ್ಕೆ ಕೆಲವೇ ಮಿಲಿಮೀಟರ್. ಚಿಕ್ಕದಾದರೂ ಅದು ನಿಂತಿಲ್ಲ. ಗುಮ್ಮಟದ ಕ್ಷೇಮವನ್ನು ಹೇಳುವ ಅಂಕಿ ಅದೊಂದೇ, ಮತ್ತು ಅದನ್ನು ಕಾಣಲು ದಶಕಗಳ ಸಾಲು ಬೇಕು.

ಅಂಕಿಯ ಸುತ್ತಲಿನ ಸಾಲುಗಳು

ಆರು ಗಂಟೆಗೊಂದು ರೀಡಿಂಗ್, ನೂರೈವತ್ತು ಉಪಕರಣ ಎಂದರೆ ವರ್ಷಕ್ಕೆ ಎರಡು ಲಕ್ಷ ದಾಟುವ ಅಂಕಿಗಳು. ಇದನ್ನು ಕೂಡಿಹಾಕುವುದು ಇವತ್ತು ಕಷ್ಟವಲ್ಲ. ಒಂದು ಪೆನ್‌ಡ್ರೈವ್ ಸಾಕು. ಕಷ್ಟವಿರುವುದು ಅಂಕಿಗಳನ್ನು ಅರ್ಥ ಕೆಡದಂತೆ ಕಾಪಾಡುವುದರಲ್ಲಿ. ಈ ಲೇಖನದಲ್ಲಿ ಓದುಗರು ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ.

ಒಂದು ಸೆನ್ಸರ್ ಸಿಡಿಲಿಗೆ ಸುಟ್ಟುಹೋಗುತ್ತದೆ. ಹೊಸದನ್ನು ಕೂರಿಸುವ ತಂತ್ರಜ್ಞ ಅದನ್ನು ಸೊನ್ನೆಯಿಂದ ಶುರುಮಾಡುತ್ತಾನೆ. ಆ ದಿನಾಂಕ, ಹಳೆಯ ಸೆನ್ಸರಿನ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಮೂರನ್ನೂ ಬರೆಯದಿದ್ದರೆ ಗ್ರಾಫಿನಲ್ಲಿ ಬಿರುಕು ರಾತ್ರೋರಾತ್ರಿ ಮುಚ್ಚಿಕೊಂಡಂತೆ ಕಾಣುತ್ತದೆ. ಬಿರುಕು ಅಗಲಿಸಿದರೆ ಕೂಡಿಸುವ ಚಿಹ್ನೆಯೋ ಕಳೆಯುವ ಚಿಹ್ನೆಯೋ ಎಂದು ಒಬ್ಬ ಎಂಜಿನಿಯರ್ ಒಂದು ರೀತಿ, ಅವನ ನಂತರ ಬಂದವನು ಇನ್ನೊಂದು ರೀತಿ ಇಟ್ಟುಕೊಂಡರೆ ಇಪ್ಪತ್ತು ವರ್ಷದ ಶ್ರಮ ಒಂದನ್ನೊಂದು ತಿಂದುಹಾಕುತ್ತದೆ. "ಉತ್ತರದ ಗೋಡೆ, ಕಿಟಕಿಯ ಮೇಲೆ" ಎಂದು ಬರೆದಿಟ್ಟರೆ ಮೂವತ್ತು ವರ್ಷದ ಬಳಿಕ ಯಾವ ಕಿಟಕಿ ಎಂದು ಹೇಳುವವರು ಯಾರು? ಹಾಗಾಗಿ ಗೋಡೆಯ ನಕ್ಷೆಯ ಮೇಲೆ ಗುರುತು, ಗುರುತಿಗೊಂದು ಬದಲಾಗದ ಸಂಖ್ಯೆ, ಪಕ್ಕದಲ್ಲೊಂದು ಫೋಟೊ ಇರಬೇಕು. ರೀಡಿಂಗ್ ಸಿಗದ ದಿನದ ಜಾಗವನ್ನು ಖಾಲಿ ಬಿಡಬೇಕು. ಅಲ್ಲಿ ಸೊನ್ನೆ ತುಂಬುವುದು ಮಹಾಪರಾಧ, ಏಕೆಂದರೆ ಸೊನ್ನೆಯೂ ಒಂದು ಅಳತೆ.

ಹಳೆಯ ಉಪಕರಣವನ್ನು ತೆಗೆದು ಹೊಸದನ್ನು ಹಾಕುವಾಗ ಎರಡೂ ಕೆಲ ಕಾಲ ಜೊತೆಯಾಗಿ ಓಡಬೇಕು, ಕನಿಷ್ಠ ಎಲ್ಲ ಋತುಗಳೂ ಒಮ್ಮೆ ದಾಟುವವರೆಗೆ. ಆಗ ಮಾತ್ರ ಎರಡು ಸಾಲುಗಳನ್ನು ನಂಬಿಕೆಯಿಂದ ಹೊಲಿಯಬಹುದು. ಇನ್ನೊಂದು ಮಾತು: ತಿದ್ದಿದ ಅಂಕಿಯ ಜೊತೆಗೆ ತಿದ್ದುವ ಮುಂಚಿನ ಮೂಲ ಅಂಕಿಯನ್ನೂ ಉಳಿಸಲೇಬೇಕು. ಉಷ್ಣತೆಯ ಪರಿಣಾಮವನ್ನು ಕಳೆಯುವ ಇವತ್ತಿನ ವಿಧಾನ ನಾಳೆ ಹಳತಾಗುತ್ತದೆ. ಮೂಲ ಇದ್ದರೆ ನಾಳೆಯವರು ಮತ್ತೆ ಲೆಕ್ಕ ಹಾಕುತ್ತಾರೆ.

ಅಳತೆಗಳ ಜೊತೆಗೆ ಕಟ್ಟಡದ ಚರಿತ್ರೆಯನ್ನೂ ದತ್ತಾಂಶವೆಂದೇ ಎಣಿಸಬೇಕು. ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿ ಇಕೊಮೊಸ್ 2003ರಲ್ಲಿ ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್‌ನಲ್ಲಿ ಒಪ್ಪಿದ ತತ್ವಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ: ಮೊದಲು ಪೂರ್ವವೃತ್ತಾಂತ, ಆಮೇಲೆ ರೋಗನಿದಾನ, ಆಮೇಲೆ ಚಿಕಿತ್ಸೆ, ಕೊನೆಗೆ ನಿಗಾ. ಫ್ಲಾರೆನ್ಸಿನ ಕ್ಯಾಥೆಡ್ರಲ್ ಸಂಸ್ಥೆಯ ದಫ್ತರದಲ್ಲಿ 1417ರಿಂದ 1436ರವರೆಗಿನ ಲೆಕ್ಕಪತ್ರಗಳಿವೆ. ಇಟ್ಟಿಗೆ ಯಾವ ಗೂಡಿನಿಂದ ಬಂತು, ಯಾರಿಗೆ ಎಷ್ಟು ಕೂಲಿ, ಎಲ್ಲ. ಮಾರ್ಗರೆಟ್ ಹೇನ್ಸ್ ನೇತೃತ್ವದಲ್ಲಿ, ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ವಿಜ್ಞಾನೇತಿಹಾಸ ಸಂಸ್ಥೆಯ ಜೊತೆಗೂಡಿ ಅವನ್ನು ಡಿಜಿಟಲ್ ಮಾಡಲಾಗಿದೆ. ಗುಮ್ಮಟದ ಒಡಲಲ್ಲಿ ಏನಿದೆ ಎಂದು ತಿಳಿಯಲು ಪ್ರತಿಸಲವೂ ಗೋಡೆ ಕೊರೆಯಬೇಕಿಲ್ಲ; ಹದಿನೈದನೇ ಶತಮಾನದ ಗುಮಾಸ್ತನ ಕೈಬರಹವೂ ಹೇಳೀತು.

ಹಳೆಯ ಅಂಕಿಗಳನ್ನು ಮತ್ತೆ ಓದಿದವರು

ಪಾವಿಯಾದ ದುರಂತವಾಗಿ ಹತ್ತು ತಿಂಗಳಿಗೆ, 1990ರ ಜನವರಿ 7ರಂದು, ಪೀಸಾದ ವಾಲುಗೋಪುರದ ಬಾಗಿಲು ಮುಚ್ಚಿತು. ಆಗ ಅದು ಐದೂವರೆ ಡಿಗ್ರಿ ವಾಲಿತ್ತು. ಮೇಲಂಚು ಬುಡದಿಂದ ಸುಮಾರು ನಾಲ್ಕೂವರೆ ಮೀಟರ್ ಆಚೆ ಚಾಚಿತ್ತು.

ಪೀಸಾದಲ್ಲಿ ಅಂಕಿಗಳಿಗೆ ಬರವಿರಲಿಲ್ಲ. 1911ರಿಂದ ಕೋನ ಅಳೆಯುವ ಥಿಯೊಡಲೈಟ್ ಹಿಡಿದು ವಾಲುವಿಕೆಯನ್ನು ಅಳೆಯುತ್ತಿದ್ದರು. 1934ರಲ್ಲಿ ಒಳಗೆ ಉದ್ದನೆಯ ಲೋಲಕ ತೂಗುಬಿಟ್ಟಿದ್ದರು. ಅದೇ ಹೊತ್ತಿಗೆ ಗೋಪುರವನ್ನು ಗಟ್ಟಿಮಾಡುತ್ತೇವೆಂದು ಬುಡದಲ್ಲಿ 361 ರಂಧ್ರ ಕೊರೆದು ಸುಮಾರು 80 ಟನ್ ಸಿಮೆಂಟು ಹಾಲು ತುಂಬಿದರು. ಗೋಪುರ ಇನ್ನಷ್ಟು ವಾಲಿತು. ಆ ತಪ್ಪು ಕೂಡ ಅಳತೆಯ ಪುಸ್ತಕದಲ್ಲಿ ಜಿಗಿತವಾಗಿ ದಾಖಲಾಯಿತು. ಅಳತೆ ಬರೆದವರ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಗೋಪುರವನ್ನು ಉಳಿಸಲು ನೇಮಕವಾದ, ಮಿಕೆಲೆ ಯಾಮಿಯೊಲ್ಕೊವ್ಸ್ಕಿ ಅಧ್ಯಕ್ಷತೆಯ ಸಮಿತಿಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಬರ್ಲೆಂಡ್ ಇದ್ದರು. ಮಣ್ಣಿನ ಎಂಜಿನಿಯರ್. ಅವರು ಆ ಹಳೆಯ ಸಾಲುಗಳನ್ನು ಮತ್ತೆ ಓದಿ ನೋಡಿದರು. ದಕ್ಷಿಣಕ್ಕೆ ವಾಲುವ ಗೋಪುರದ ದಕ್ಷಿಣ ಬುಡ ಹೂತುಹೋಗುತ್ತಿದೆ ಎಂದೇ ಎಲ್ಲರೂ ಎಣಿಸಿದ್ದರು. ಆದರೆ ಗೋಪುರದ ಮೊದಲ ಅಂತಸ್ತಿನ ಅಂಚು ಅಡ್ಡಡ್ಡಲಾಗಿ ಜರುಗಿಯೇ ಇಲ್ಲವೆಂದು ದಶಕಗಳ ಥಿಯೊಡಲೈಟ್ ಅಂಕಿಗಳು ಹೇಳುತ್ತಿದ್ದವು. ಮಟ್ಟದ ಅಳತೆಗಳನ್ನು ಅದರ ಜೊತೆ ಸೇರಿಸಿದಾಗ ಚಿತ್ರ ತಿರುಗಿಬಿತ್ತು: ಬುಡದ ಉತ್ತರದ ಬದಿ ಮೇಲೇಳುತ್ತಿತ್ತು. ಹಾಗಾದರೆ ಉತ್ತರದ ಮೇಲೆ ಭಾರ ಹೇರಬಹುದು! 1993ರಲ್ಲಿ ಆ ಬದಿಗೆ ಸೀಸದ ಗಟ್ಟಿಗಳನ್ನು ಪೇರಿಸಲು ತೊಡಗಿ ಸುಮಾರು 600 ಟನ್ ಹೇರಿದರು. ಗೋಪುರ ನಿಂತಿತು, ಕೂದಲೆಳೆಯಷ್ಟು ಹಿಂದಕ್ಕೂ ಬಂತು. ಅಂಕಿಗಳು ಎಂದಿನಿಂದಲೋ ಕಪಾಟಿನಲ್ಲಿದ್ದವು. ಅವನ್ನು ಒಟ್ಟಿಗೆ ಇಟ್ಟು ನೋಡುವ ಕಣ್ಣು ಬೇಕಿತ್ತು, ಅದಕ್ಕೂ ಮುಂಚೆ ಅವು ಉಳಿದಿರಬೇಕಿತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳವಾಗಿ ಸೆಳೆಯುತ್ತದೆ. 1173ರಲ್ಲಿ ಶುರುವಾದ ಗೋಪುರ ಕಟ್ಟುತ್ತಿರುವಾಗಲೇ ವಾಲತೊಡಗಿತ್ತು. ಗಾರೆಯವರು ಅದನ್ನು ನೇರ ಮಾಡಲೆಂದು ವಾಲಿದ ಬದಿಯ ಕಲ್ಲಿನ ವರಸೆಯನ್ನು ತುಸು ಎತ್ತರಿಸುತ್ತ ಹೋದರು. ಬರ್ಲೆಂಡ್ ಮತ್ತು ಕಾರ್ಲೋ ವಿಜ್ಜಾನಿ ಈ ವರಸೆಗಳ ಓರೆಯನ್ನೇ ಓದಿ, ಯಾವ ಹಂತದಲ್ಲಿ ಎಷ್ಟು ವಾಲಿತ್ತೆಂಬ ಚರಿತ್ರೆಯನ್ನು ಹೊರತೆಗೆದರು. ಮೊದಮೊದಲು ಅದು ಉತ್ತರಕ್ಕೆ ಒರಗಿತ್ತೆಂದು ತಿಳಿದದ್ದೂ ಹೀಗೆ. ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿ ಸರಿಯೋ ತಪ್ಪೋ ಎಂದು ಒರೆಹಚ್ಚಿದ್ದು ಈ ಚರಿತ್ರೆಯ ಮೇಲೆ.

1995ರ ಸೆಪ್ಟೆಂಬರಿನಲ್ಲಿ ಕೆಲಸ ಕೈಮೀರಲಿತ್ತು. ಆಧಾರದ ಕೇಬಲ್ಲಿಗಾಗಿ ದಕ್ಷಿಣ ಬದಿಯ ನೆಲವನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಿದ್ದಾಗ ಗೋಪುರ ದಕ್ಷಿಣಕ್ಕೆ ಸರಿಯತೊಡಗಿತು. ಅಳತೆ ಆಯಾ ಹೊತ್ತಿಗೇ ಕೈಗೆ ಬರುತ್ತಿದ್ದುದರಿಂದ ಕೆಲಸ ನಿಲ್ಲಿಸಿ ಸೀಸವನ್ನು ಸುಮಾರು 900 ಟನ್ನಿಗೆ ಏರಿಸಲು ಸಾಧ್ಯವಾಯಿತು. ಆಮೇಲೆ ಬಂದದ್ದು ಉತ್ತರ ಬದಿಯ ಅಡಿಯಿಂದ ಚೂರು ಚೂರೇ ಮಣ್ಣು ತೆಗೆಯುವ ಉಪಾಯ. 1999ರಿಂದ 2001ರವರೆಗೆ ನಡೆದ ಈ ಕೆಲಸದಲ್ಲಿ ಪ್ರತಿದಿನದ ಅಳತೆಗಳು ಫ್ಯಾಕ್ಸಿನಲ್ಲಿ ಬರ್ಲೆಂಡ್ ಕೈ ಸೇರುತ್ತಿದ್ದವು. ಅವನ್ನು ನೋಡಿ ಮುಂದೇನು ಮಾಡಬೇಕೆಂಬ ಲಿಖಿತ ಸೂಚನೆ ಹಿಂದಕ್ಕೆ ಹೋಗುತ್ತಿತ್ತು. ಅಳತೆ, ಅದನ್ನು ನೋಡಿದವರು, ತೀರ್ಮಾನ, ಸಹಿ ಎಲ್ಲವೂ ಒಂದೇ ಹಾಳೆಯ ಸರಣಿಯಲ್ಲಿ. ಕೊನೆಗೆ ವಾಲುವಿಕೆ ಅರ್ಧ ಡಿಗ್ರಿ ತಗ್ಗಿತು. 2001ರ ಡಿಸೆಂಬರಿನಲ್ಲಿ ಗೋಪುರದ ಬಾಗಿಲು ಮತ್ತೆ ತೆರೆಯಿತು. ಸೆನ್ಸರ್ ಇಟ್ಟ ಎಷ್ಟೋ ಕಡೆ ಕೊನೆಯ ಎರಡು, ಅಂದರೆ ತೀರ್ಮಾನ ಮತ್ತು ಸಹಿ, ಯಾರ ಪಾಲಿಗೂ ಬಂದಿರುವುದಿಲ್ಲ. ಅಂಥ ಸೆನ್ಸರ್ ಜನರನ್ನು ಕಾಪಾಡುವುದಿಲ್ಲ.

ಬಿರುಕನ್ನೂ ಓರೆಯನ್ನೂ ಬಿಟ್ಟರೆ ಕಟ್ಟಡದ ಕಂಪನವನ್ನು ಆಲಿಸುವ ದಾರಿಯೊಂದಿದೆ. ಇಟಲಿಯ ಪೆರೂಜಾದ ಸಾನ್ ಪಿಯೆತ್ರೊ ಗಂಟೆಗೋಪುರ ತನ್ನಷ್ಟಕ್ಕೆ ಸೆಕೆಂಡಿಗೆ ಸುಮಾರು ಒಂದೂವರೆ ಸಲ ಓಲಾಡುತ್ತದೆ. 2014ರ ಕೊನೆಯಿಂದ ಇದನ್ನು ಎಡೆಬಿಡದೆ ದಾಖಲಿಸುತ್ತಿದ್ದರು. ಉಷ್ಣತೆಗೆ ತಕ್ಕಂತೆ ಆ ಲಯ ಏರಿಳಿಯುವುದನ್ನು ಗಣಿತದಿಂದ ಕಳೆದಿದ್ದರಿಂದಲೇ, 2016ರ ಆಗಸ್ಟ್ 24ರ ಭೂಕಂಪದ ನಂತರ ಲಯ ಶಾಶ್ವತವಾಗಿ ಒಂದಿಷ್ಟು ಇಳಿದದ್ದು ಗೊತ್ತಾಯಿತು. ಭೂಕಂಪದ ಕೇಂದ್ರ ದೂರದಲ್ಲಿತ್ತು, ಕಣ್ಣಿಗೆ ಕಾಣುವ ದೊಡ್ಡ ಹಾನಿ ಇರಲಿಲ್ಲ.

ಸ್ಕ್ಯಾನ್ ಇದ್ದರೆ ಸಾಕೇ?

ಪ್ಯಾರಿಸಿನ ನೋತ್ರ್ ದಾಮ್ 2019ರ ಏಪ್ರಿಲ್ 15ರಂದು ಹೊತ್ತಿ ಉರಿದಾಗ ಆಂಡ್ರೂ ಟ್ಯಾಲನ್ ಅವರ ಲೇಸರ್ ಸ್ಕ್ಯಾನ್ ಜಗತ್ತಿಗೆಲ್ಲ ಸುದ್ದಿಯಾಯಿತು. ಅಮೆರಿಕದ ವಾಸರ್ ಕಾಲೇಜಿನ ಈ ಕಲಾ ಇತಿಹಾಸಕಾರ ಕೆಲವು ವರ್ಷ ಮುಂಚೆಯೇ ಐವತ್ತಕ್ಕೂ ಹೆಚ್ಚು ಕಡೆ ಉಪಕರಣವಿಟ್ಟು ನೂರು ಕೋಟಿಗೂ ಮೀರಿದ ಬಿಂದುಗಳಲ್ಲಿ ಆ ಕ್ಯಾಥೆಡ್ರಲನ್ನು ಹಿಡಿದಿಟ್ಟಿದ್ದರು. ಬೆಂಕಿಯ ಹಿಂದಿನ ನವೆಂಬರಿನಲ್ಲಿ ಅವರು ತೀರಿಕೊಂಡರು. ಸುಟ್ಟುಹೋದ ಓಕ್ ಮರದ ಚಾವಣಿಯ ತೊಲೆಗಳನ್ನು ವಾಸ್ತುಶಿಲ್ಪಿಗಳಾದ ರೆಮಿ ಫ್ರೊಮೊಂ, ಸೆಡ್ರಿಕ್ ತ್ರಾಂತೆಸೋ ಒಂದೊಂದಾಗಿ ಅಳೆದು ಬರೆದಿದ್ದರು. ಮತ್ತೆ ಕಟ್ಟುವಾಗ ಆ ಹಾಳೆಗಳು ಕೈಹಿಡಿದವು.

ಸ್ಕ್ಯಾನ್ ಹೇಳುವುದು ಹೊರಮೈಯ ಆಕಾರವನ್ನು. ಬೆಂಕಿ, ನೀರು ಕುಡಿದ ಸುಣ್ಣದ ಕಲ್ಲು ಈಗ ಎಷ್ಟು ಭಾರ ತಾಳುತ್ತದೆ, ಕಮಾನಿನ ಮೇಲ್ಗಾರೆ ಬೆಂದಿದೆಯೇ ಎಂಬುದನ್ನು ಅದು ಹೇಳಲಾರದು. ಅದಕ್ಕೇ ಫ್ರಾನ್ಸಿನ ರಾಷ್ಟ್ರೀಯ ಸಂಶೋಧನಾ ಕೇಂದ್ರ ಮತ್ತು ಸಂಸ್ಕೃತಿ ಸಚಿವಾಲಯ ಕಲ್ಲು, ಮರ, ಲೋಹ, ಗಾಜು, ರಚನೆ ಎಂದು ಬೇರೆಬೇರೆ ತಂಡ ಕಟ್ಟಿದಾಗ ಡಿಜಿಟಲ್ ದತ್ತಾಂಶಕ್ಕೇ ಒಂದು ತಂಡವನ್ನು ಮೀಸಲಿಟ್ಟವು. ಲಿವಿಯೊ ದೆ ಲೂಕಾ ಅದರ ಮುಂದಾಳು. ಒಂದು ಕಲ್ಲಿನ ಮೇಲೆ ಬೆರಳಿಟ್ಟರೆ ಅದರ ಫೋಟೊ, ಅದು ಬಿದ್ದ ಜಾಗ, ಪ್ರಯೋಗಾಲಯದ ಫಲಿತಾಂಶ, ಅದರ ಬಗ್ಗೆ ಬರೆದವರ ಟಿಪ್ಪಣಿ ಎಲ್ಲ ಒಂದೇ ತ್ರಿವಿಮಾ ಮಾದರಿಯಲ್ಲಿ ತೆರೆದುಕೊಳ್ಳಬೇಕೆಂಬುದು ಅವರ ಯೋಜನೆ. ಭೂವಿಜ್ಞಾನಿಯ ಟಿಪ್ಪಣಿ ಎಂಜಿನಿಯರಿಗೆ ಸಿಗದೆ ಹೋಗುವ ಹಳೆಯ ರೋಗಕ್ಕೆ ಇದು ಮದ್ದು. ಡ್ರೋನ್ ಹಾರಿಸಿ, ಬಣ್ಣದ ತ್ರಿವಿಮಾ ಚಿತ್ರ ತೋರಿಸಿ ದಾಖಲೀಕರಣ ಮುಗಿಯಿತೆಂದು ಘೋಷಿಸುವ ನಮ್ಮ ಯೋಜನೆಗಳು ಇಲ್ಲಿಂದ ಕಲಿಯಬೇಕಾದದ್ದು ಬಹಳ.

ಮೈಸೂರಿನ ಆಗಸ್ಟ್ ತಿಂಗಳು

2012ರ ಆಗಸ್ಟ್ 25ರಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 1892ರಲ್ಲಿ ವೈಸರಾಯ್ ಬಂದ ನೆನಪಿಗೆ ಕಟ್ಟಿದ ಉದ್ದನೆಯ ಅಂಗಡಿಸಾಲು ಅದು. ನಾಲ್ಕು ವರ್ಷಕ್ಕೆ, 2016ರ ಆಗಸ್ಟ್ 28ರಂದು, ಕೂಗಳತೆಯಲ್ಲಿದ್ದ ದೇವರಾಜ ಮಾರುಕಟ್ಟೆಯ ಒಂದು ಬದಿ ಬಿತ್ತು. ಆಮೇಲೆ ನಡೆದದ್ದು ಎಲ್ಲರಿಗೂ ತಿಳಿದದ್ದೇ. ಕೆಡವಿ ಹೊಸದಾಗಿ ಕಟ್ಟಬೇಕೆಂದು ಒಂದು ಕಡೆಯ ತಜ್ಞರು, ಉಳಿಸಿ ಬಲಪಡಿಸಬಹುದೆಂದು ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ಮತ್ತು ಪರಂಪರೆಯ ಬಗ್ಗೆ ಕಾಳಜಿಯುಳ್ಳವರು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಅಂಗಡಿಯವರು ವರ್ಷಗಟ್ಟಲೆ ಕಾದರು.

ಈ ವಾದವನ್ನು ಹಿಂಬಾಲಿಸುವಾಗ ನನ್ನನ್ನು ಕಾಡಿದ್ದು ಒಂದೇ: ಎರಡು ಕಡೆಯವರೂ ಒಂದೊಂದು ಕಾಲದ ತಪಾಸಣೆಯ ಮೇಲೆ ಮಾತಾಡುತ್ತಿದ್ದರು. ಗೋಡೆಯ ಬಿರುಕು ಇಪ್ಪತ್ತು ವರ್ಷದಲ್ಲಿ ಎಷ್ಟು ಬೆಳೆಯಿತು, ಮಳೆಗಾಲದಲ್ಲಿ ಗಾರೆಯ ತೇವ ಎಷ್ಟು, ಯಾವ ಅಂಗಡಿಯವರು ಯಾವ ವರ್ಷ ಗೋಡೆ ಒಡೆದು ಬಾಗಿಲಿಟ್ಟರು ಎಂಬ ಸಾಲು ಸಾರ್ವಜನಿಕರ ಮುಂದಿದ್ದಿದ್ದರೆ ವಾದ ಬೇರೆಯೇ ಆಗುತ್ತಿತ್ತು. ಕೆಡವಬೇಕೆಂಬ ತೀರ್ಮಾನವೇ ಬಂದರೂ ಊರು ಅದನ್ನು ನಂಬಿ ಒಪ್ಪುತ್ತಿತ್ತು.

ನಮ್ಮಲ್ಲಿ ದಾಖಲೆಯ ಪರಂಪರೆ ಇಲ್ಲವೆಂದಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವುಗಳಲ್ಲಿ ಹಂಪಿಯ ಫೋಟೊ ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತೆಂದು ಆ ಚಿತ್ರದಲ್ಲಿ ಕಾಣುತ್ತದೆ, ಇವತ್ತು ಅದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ಫೋಟೊ ತೆಗೆದರು. ಅದೇ ಕೋನದಿಂದ ಎರಡು ಕಾಲದ ಎರಡು ಚಿತ್ರ ಎಂದರೆ ಅದು ಅಳತೆಯೇ. ಲೋಕೋಪಯೋಗಿ ಇಲಾಖೆಯ ಎಂಬಿ ಎಂಬ ಅಳತೆ ಪುಸ್ತಕಗಳಲ್ಲಿ ಯಾವ ದುರಸ್ತಿಗೆ ಎಷ್ಟು ಸುಣ್ಣ, ಎಷ್ಟು ಇಟ್ಟಿಗೆ ಎಂದು ಬರೆದಿಡುವ ಕ್ರಮ ಹಳೆಯದು. ಅಂಥ ಪುಸ್ತಕಗಳು ಉಳಿದಿರುವ ಕಡೆಯೆಲ್ಲ ಅವು ಕಟ್ಟಡದ ಪೂರ್ವವೃತ್ತಾಂತ. ರದ್ದಿಗೆ ಹೋಗಕೂಡದು.

ಶುರುಮಾಡಲು ಕೋಟಿಗಳು ಬೇಕಿಲ್ಲ. ಬಿರುಕಿನ ಎರಡು ಬದಿಗೆ ಅಂಟಿಸುವ ಲೋಹದ ಗುಂಡಿ, ಅವುಗಳ ನಡುವಿನ ದೂರ ಅಳೆಯುವ ಡಯಲ್ ಗೇಜ್, ಒಂದು ಥರ್ಮಾಮೀಟರ್, ತೂಗುಗುಂಡು. ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ವಿದ್ಯಾರ್ಥಿಗಳ ಒಂದು ತಂಡ ಹೋದರೆ ಇನ್ನೊಂದು ಬರುತ್ತದೆ, ಆದರೆ ಕಾಲೇಜು ಅಲ್ಲೇ ಇರುತ್ತದೆ. ದಶಕಗಳ ಅಳತೆಗೆ ಅದಕ್ಕಿಂತ ಒಳ್ಳೆಯ ಮನೆ ಸಿಗದು. ಸಲಹೆಗಾರ ಸಂಸ್ಥೆಗಳ ಮೇಲೇ ಇದನ್ನು ಬಿಡಲಾಗದು. ಒಪ್ಪಂದ ಮುಗಿದ ದಿನ ಬಣ್ಣದ ಗ್ರಾಫುಗಳ ವರದಿಯೊಂದು ಕಚೇರಿಗೆ ಬರುತ್ತದೆ, ಮೂಲ ರೀಡಿಂಗ್ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿದುಹೋಗುತ್ತದೆ. ಇದನ್ನು ತಡೆಯಲು ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದರಾಯಿತು: ತಿದ್ದದ ಮೂಲ ಅಂಕಿಗಳು, ಉಪಕರಣಗಳ ಜಾಗದ ನಕ್ಷೆ, ಬದಲಾವಣೆಗಳ ಪಟ್ಟಿ ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸರಳ ಕಡತವಾಗಿ, ಒಂದು ಅಚ್ಚು ಪ್ರತಿಯ ಸಹಿತ, ಪಾಲಿಕೆಗೂ ರಾಜ್ಯ ಪುರಾತತ್ವ ಇಲಾಖೆಗೂ ಸಲ್ಲಬೇಕು, ಕೊನೆಯ ಕಂತಿನ ಹಣ ಅದಾದ ಮೇಲೆಯೇ ಬಿಡುಗಡೆಯಾಗಬೇಕು.